ಒಳಪುಟದ ಚೀಲ

ಇವತ್ತು ಬೆಳಿಗ್ಗೆ ಹೊಸಪೇಟೆಯ ನಮ್ಮ ಪುಟ್ಟ ಆಫೀಸಿನಲ್ಲಿ, ಜೊತೆಗೆ ಕೆಲಸ ಮಾಡುವ ಕವಿತಾಳ ಪರದೆಯ ಮೇಲೆ ಹರಿದ ಫೋಟೊದ ಗುರುತು ಕಂಡಿತು ನೋಡಿ, ನನಗೆ ಸಂಡೂರು ನೆನಪಾಯಿತು. ವೆಬ್‌ಸೈಟಿನಲ್ಲಿ ಚಿತ್ರ ಸಿಗದಿದ್ದಾಗ ಅದರ ಜಾಗದಲ್ಲಿ ಬಂದು ಕೂರುವ ದರಿದ್ರ ಗುರುತು ಅದು. ನಿಮಗೂ ಗೊತ್ತಿರುತ್ತದೆ ಬಿಡಿ.

ಸಂಡೂರಿನ ಸೀತಾಬಾಯಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಲಂಬಾಣಿ ಕಸೂತಿಯ ಚೀಲ ಹೊಲಿಸುತ್ತಿದ್ದರು. ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ, ಅದೂ ಭಾರಿ ಜಂಬದಿಂದ. ದೊಡ್ಡ ಕರಕುಶಲ ಮೇಳವೊಂದರವರು ಒಂದು ದಿನ ಮಧ್ಯಾಹ್ನ ಅದನ್ನು ನೋಡಿ, ಇವರಿಗೆ ಮಳಿಗೆ ಕೊಡುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ಆ ದಿನ ಬೆಳಿಗ್ಗೆಯೇ ಸೀತಾಬಾಯಿಯ ಫೋನ್ ಬಂತು.

“ಅಣ್ಣಾರ, ಮುಂದಿನ ಪುಟ ಮಸ್ತ್ ಐತ್ರಿ. ಒಳಗ ಹೋದ್ರ ಒಂದ್ ಚೀಲಾನೂ ಕಾಣ್ತಿಲ್ಲ.”

“ನೆಟ್ ಸ್ಲೋ ಇರಬೇಕ್ರಿ,” ಎಂದೆ. ನಮ್ಮ ಕಸುಬಿನವರ ಬಾಯಿಗೆ ಮೊದಲು ಬರುವ ಮಾತೇ ಅದು.

“ನೆಟ್ ಸ್ಲೋ ಇದ್ರ ಕೆಳಗ ನಿಮ್ಮ ಹೆಸರು ಹೆಂಗ್ರಿ ಅಷ್ಟ್ ಜಲ್ದಿ ಬರ್ತೈತಿ?”

ಕೆಲಸಕ್ಕೆ ಕೂತೆ. ಹೆದರಿಕೆಯೇನೂ ಇರಲಿಲ್ಲ. ಫೋಟೊಗಳು ಸೈಟಿನ ಚಿತ್ರಗಳನ್ನೆಲ್ಲ ಇಡುವ ಸ್ಟ್ಯಾಟಿಕ್ ಫೋಲ್ಡರಿನಲ್ಲಿ ಹಾಯಾಗಿ ಕೂತಿದ್ದವು. ಹಾಗಾದರೆ ತಪ್ಪಿದ್ದು, ಫೋಟೊ ಎಲ್ಲಿದೆ ಎಂದು ಪುಟಕ್ಕೆ ಹೇಳುವ ದಾರಿಯೇ. ನಮ್ಮ ಕಡೆ ದಾರಿ ಕೇಳಿದರೆ ವಿಳಾಸ ಯಾರು ಹೇಳುತ್ತಾರೆ ಹೇಳಿ? “ಇಲ್ಲಿಂದ ಹಿಂಗ ಹೋಗಿ ಎಡಕ್ಕ ತಿರುಗ್ರಿ” ಅನ್ನುತ್ತೇವೆ. ಎಲ್ಲ ಪುಟಗಳಿಗೂ ತಳಹದಿಯಾದ ಟೆಂಪ್ಲೇಟಿನಲ್ಲಿ ನಾನೂ ಹಾಗೆಯೇ ‘ಇಲ್ಲಿಂದ’ ಎನ್ನುವ ಧಾಟಿಯಲ್ಲಿ ದಾರಿ ಬರೆದಿದ್ದೆ. ಮುಖಪುಟದಲ್ಲಿ ನಿಂತವರಿಗೆ ಅದು ಸರಿಯಾಗಿತ್ತು. ಒಳಪುಟದಲ್ಲಿ ನಿಂತವರನ್ನು ಅದೇ ದಾರಿ ಇಲ್ಲದ ಊರಿಗೆ ಕಳಿಸುತ್ತಿತ್ತು. ಅದನ್ನು ಅಳಿಸಿ, ಯಾವ ಪುಟದಲ್ಲಿ ನಿಂತು ಕೇಳಿದರೂ ಪೂರ್ತಿ ವಿಳಾಸ ಸಿಗುವಂತೆ, ದಾರಿ ಹೇಳುವ ಕೆಲಸವನ್ನು ಸೈಟು ನಡೆಸುವ ಫ್ರೇಮ್‌ವರ್ಕಿಗೇ ಒಪ್ಪಿಸುವ ಸ್ಟ್ಯಾಟಿಕ್ ಟ್ಯಾಗ್ ಎಂಬ ಪುಟ್ಟ ಸೂಚನೆ ಹಾಕಿ ಸೈಟಿಗೆ ಏರಿಸಿದೆ.

“ಬಂದ್ವು, ಬಂದ್ವು,” ಎಂದರು ಸೀತಾಬಾಯಿ. ಫೋನಿನ ಆ ಕಡೆ ಹೆಂಗಸರು ಇದು ನಂದು, ಅದು ನಿಂದು ಎಂದು ಚೀಲಗಳನ್ನು ಗುರುತಿಸುವ ಗದ್ದಲ ಕೇಳಿಸಿತು.

ಮಳಿಗೆ ಸಿಕ್ಕಿತು. ಮೇಳದವರಿಗೆ ಹಿಡಿಸಿದ್ದು ಯಾವ ಚೀಲ ಅಂತೀರಿ? ಮುಖಪುಟದಲ್ಲಿ ನಾನು ಮೆರೆಸಿದ್ದವಲ್ಲ. ಕಟ್ಟಕಡೆಯ ಒಳಪುಟದಲ್ಲಿದ್ದ, ಸೀತಾಬಾಯಿಯ ಅತ್ತೆ ಹೊಲಿದದ್ದು. ಸಂಜೆ ಆ ಅಜ್ಜಿಯೇ ಫೋನ್ ತೆಗೆದುಕೊಂಡು, “ಒಳಗ ಇದ್ದದ್ದು ನಂದ ನೋಡ್ಯಾರಂತ್ರಿ” ಎಂದಳು.

ಕವಿತಾ ಇವತ್ತು ದಾರಿಯನ್ನು ತಾನೇ ಸರಿಪಡಿಸಿ, “ಸರ್, ಹೋಮ್ ಪೇಜ್ ನೋಡ್ರಿ” ಎಂದು ಕರೆದಳು.

“ಅದಿರ್ಲಿ ಬಿಡವ್ವ,” ಎಂದೆ, “ಕಡೀ ಪುಟ ತಗಿ.”