ಅತ್ತಿಗೆಯ ಸರಿ ಉತ್ತರ

ನನ್ನ ಅತ್ತಿಗೆ ಬರೆದ ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ಅದು ತಪ್ಪೆಂದು ಕಾಣುವಂತೆ ಮಾಡಿದವಳು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಇದನ್ನು ಬರೆಯಲು ಇಷ್ಟು ವರ್ಷ — ಇರಲಿ, ಈಗಲಾದರೂ ಬರೆಯುತ್ತಿದ್ದೇನಲ್ಲ.

ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅತ್ತಿಗೆ ಮಂಗಳ ಅಜ್ಜೀಪುರದವರು. ಬಿ.ಸಿ.ಎ. ಓದಿ ನಮ್ಮಣ್ಣನನ್ನು ಮದುವೆಯಾಗಿ, ಮಕ್ಕಳ ಹಿಂದೆ ಓಡಾಡುವುದರಲ್ಲೇ ಕಲಿತದ್ದೆಲ್ಲ ಮರೆತುಹೋಯಿತು ಎನ್ನುತ್ತಿದ್ದರು. ಯಳಂದೂರಿನ ಒಂದು ಶಾಲೆಗೆ ಕಂಪ್ಯೂಟರ್ ಟೀಚರ್ ಬೇಕಾಗಿದ್ದಾರೆಂದು ತಿಳಿದಾಗ ಅವರಿಗೆ ಆಸೆ ಹುಟ್ಟಿ ಅರ್ಜಿ ಹಾಕಿದರು. ಅದೇ ಹೊತ್ತಿಗೆ ಎಲಿಕ್ಸಿರ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ಸಂದರ್ಶನಕ್ಕೆ ಮೊದಲು ತಲೆಯ ತುಕ್ಕು ಬಿಡಲಿ, ನಾನೂ ಕೂರುತ್ತೇನೆ ಎಂದು ಅತ್ತಿಗೆ ಜೊತೆಯಾದರು.

ಇದ್ದದ್ದು ನನ್ನ ಲ್ಯಾಪ್‌ಟಾಪ್ ಒಂದೇ. ಒಂದೊಂದೇ ಅಭ್ಯಾಸವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು. ಅದರ ಜೊತೆಗೆ, ನಾವು ಬರೆದದ್ದನ್ನು ಒರೆಹಚ್ಚುವ ಟೆಸ್ಟ್ ಫೈಲೂ ಬರುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮಧ್ಯಾಹ್ನ ಅಡುಗೆ ಮುಗಿಸಿ ಅತ್ತಿಗೆ ಕೂರುವರು, ಸಂಜೆ ಕಾಲೇಜಿನಿಂದ ಬಂದು ನಾನು. ಉತ್ತರವನ್ನು ಬೇರೆ ಬೇರೆ ಬರೆದರೂ ಟೆಸ್ಟ್ ಫೈಲು ಮಾತ್ರ ಇಬ್ಬರಿಗೂ ಒಂದೇ.

ಆ ಅಭ್ಯಾಸ ಇಷ್ಟೇ: ಪಟ್ಟಿಯಲ್ಲಿರುವ ಪ್ರತಿ ಸಂಖ್ಯೆಯನ್ನೂ ಇಮ್ಮಡಿ ಮಾಡು. ಒಂದು, ಎರಡು, ಮೂರು ಕೊಟ್ಟರೆ ಎರಡು, ನಾಲ್ಕು, ಆರು ಬರಬೇಕು. ಸುತ್ತಿ ಸುತ್ತಿ ಮಾಡಿಸುವ ಲೂಪ್ ಬರೆಯುವಂತಿಲ್ಲ; ಮೊದಲನೆಯದನ್ನು ಇಮ್ಮಡಿ ಮಾಡಿಕೊಂಡು, ಉಳಿದ ಪಟ್ಟಿಯನ್ನು ಮತ್ತೆ ಅದೇ ಪ್ರೋಗ್ರಾಮ್ ತುಣುಕಿಗೆ, ಎಂದರೆ ಫಂಕ್ಷನ್ನಿಗೆ, ಕೊಡಬೇಕು. ನನ್ನದು ತಿರುವುಮುರುವಾಗಿ ಬರುತ್ತಿತ್ತು — ಆರು, ನಾಲ್ಕು, ಎರಡು. ಎಷ್ಟು ತಿಣುಕಿದರೂ ಕೆಂಪೇ. ಪಾಠ ಹೇಳುವವಳಿಗೆ ಇಷ್ಟೂ ಬರುವುದಿಲ್ಲವೆಂದು ಅತ್ತಿಗೆಗೆ ತಿಳಿದರೆ — ಆ ಒಂದು ನಾಚಿಕೆಗೆ ಟೆಸ್ಟ್ ಫೈಲನ್ನು ತೆರೆದು, ಅದರಲ್ಲಿದ್ದ ಸರಿಯುತ್ತರಗಳನ್ನೇ ತಿರುಗಿಸಿ ಬರೆದೆ. ಹಸಿರು ಬಂತು. ಅತ್ತಿಗೆಯನ್ನು ಕರೆದು ತೋರಿಸಿಯೂ ಬಿಟ್ಟೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೇ ಡೊಂಕು ಮಾಡಿದೆ. ಮಾರನೆಯ ದಿನ ಅದರ ಮೇಲೆ ಅತ್ತಿಗೆ ಕುಣಿಯಬೇಕು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮಾರನೆಯ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅತ್ತಿಗೆ ಬಂದರು. "ಪ್ರಶ್ನೇಲಿ ಒಂದ್ ಕೇಳವ್ರೆ, ಈ ಟೆಸ್ಟು ಇನ್ನೊಂದ್ ಬೇಕು ಅಂತದೆ ಕಣವ್ವ. ಯಾಕಂತ ಗೊತ್ತಾಯ್ತಿಲ್ಲ."

ಆಗ ಹೊಳೆಯಿತು. ಒಂದೇ ಮಾತು ಸಾಕಿತ್ತು. ಆದರೆ ನಾನು ಹೇಳಿದ್ದು —

"ಅದ್ರಲ್ಲೊಂದು ಮರ್ಮ ಅದೆ ಅತ್ತಿಗೆ. ನಿಮ್ಗಿನ್ನೂ ಅದು ಅರ್ಥ ಆಗಿಲ್ಲ."

ಇಲ್ಲದ ಮರ್ಮವನ್ನು ಅವರು ಹುಡುಕಿಯೇ ಹುಡುಕಿದರು. ಉತ್ತರ ತಿರುಗಿಸಿಟ್ಟರೆ ಹಸಿರು ಬರುತ್ತದೆಂದು ಅವರಿಗೂ ಗೊತ್ತಿತ್ತು. ಯಾಕೆಂದು ತಿಳಿಯದೆ ತಿರುಗಿಸಲು ಮನಸ್ಸು ಒಪ್ಪಲಿಲ್ಲ. ಕಡೆಗೊಂದು ದಿನ ಲ್ಯಾಪ್‌ಟಾಪ್ ಮುಚ್ಚಿ, "ನನ್ ತಲೆಗೆ ಅತ್ತಲ್ಲ ಕಣವ್ವ, ಬುಟ್ಬುಡು" ಅಂದರು. ಯಳಂದೂರಿನ ಸಂದರ್ಶನಕ್ಕೆ ಹೋಗಲೇ ಇಲ್ಲ. ಹೋಗಿ ಎಂದು ನಾನು ಬಲವಂತ ಮಾಡಿದೆ — ನಿಜ ಹೇಳದೆ ಮಾಡಿದ ಬಲವಂತಕ್ಕೆ ಏನು ಬೆಲೆ. ಅಲ್ಲಿಂದಾಚೆಗೆ ಮಕ್ಕಳು ಲೆಕ್ಕ ಹೇಳಿಕೊಡು ಎಂದರೂ, ನನಗೇನು ತಿಳಿಯುತ್ತೆ, ನಿಮ್ಮತ್ತೆಯನ್ನ ಕೇಳಿ ಎಂದು ನನ್ನ ಬಳಿಗೆ ಕಳಿಸುವರು. ಪ್ರತಿ ಸಲವೂ ನಾನು ಲೆಕ್ಕ ಹೇಳಿಕೊಟ್ಟು ಕಳಿಸಿದೆ, ನಿಜ ಮಾತ್ರ ಹೇಳಲಿಲ್ಲ.

ಹೋದ ತಿಂಗಳು ಇಬ್ಬರೂ ಅವರ ತವರಿಗೆ ಹೊರಟಿದ್ದೆವು. ಅವರ ಮಗಳು ಪಿಯುಸಿಗೆ ಕಂಪ್ಯೂಟರ್ ಬೇಡ ಅಂದಳಂತೆ, ಅಮ್ಮನ ತಲೆಯೇ ನನ್ನದೂ ಅಂದಳಂತೆ — ಬಸ್ಸಿನಲ್ಲಿ ಅತ್ತಿಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಟೆಸ್ಟ್ ಫೈಲು, ನನ್ನ ನಾಚಿಕೆ, ಆ ಮರ್ಮದ ಮಾತು, ಎಲ್ಲ.

ಬೈಯಲಿ ಎಂದು ಕಾದೆ. ಹನೂರಿನಲ್ಲಿ ಬಸ್ಸು ನಿಂತಾಗ ಅವರು ನನ್ನ ಕಡೆ ತಿರುಗಿದರು.

"ಅಂಗಾರೆ ಅವತ್ತು ನಂದು ಸರಿ ಇತ್ತಾ?"

"ಸರಿ ಇತ್ತು ಅತ್ತಿಗೆ."

ಕಣ್ಣು ತುಂಬಿಕೊಂಡರು, ಹಾಗೆಯೇ ನಕ್ಕರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ನನ್ನೆದೆಯೂ ಹಗುರಾಯಿತು — ಅಷ್ಟು ಬೇಗ ಹಗುರಾಗಬಾರದಿತ್ತೇನೋ, ಆದರೆ ಆಯಿತು. ಅವರಿಗೆ ಸಿಟ್ಟು ಬಂದದ್ದು ಆಮೇಲೆ. ತವರಿನಲ್ಲಿದ್ದಷ್ಟು ದಿನವೂ ಅವರು ನನ್ನೊಡನೆ ಮಾತಾಡಲಿಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಯಳಂದೂರಿನ ಆ ಕೆಲಸ ಎಂದೋ ಬೇರೆಯವರ ಪಾಲಾಗಿದೆ. ಅದನ್ನು ನಾನು ತಂದುಕೊಡಲಾರೆ.

ಈಗ ಅವರು ಮೊದಲಿನಿಂದ ಮತ್ತೆ ಶುರು ಮಾಡಿದ್ದಾರೆ. ಅಭ್ಯಾಸಗಳನ್ನು ತಾವೇ ಇಳಿಸಿಕೊಳ್ಳುತ್ತಾರೆ. ಎಲ್ಲಾದರೂ ಸಿಕ್ಕಿಕೊಂಡರೆ ನನ್ನನ್ನು ಕೇಳುವುದಿಲ್ಲ; ಕೇಳಲಿ ಎಂದು ಬಯಸುವ ಹಕ್ಕು ನನಗೂ ಇಲ್ಲ. ನಾನು ಸಿಕ್ಕಿಕೊಂಡಾಗ ಮಾತ್ರ ಅವರ ಪಕ್ಕ ಹೋಗಿ ನಿಲ್ಲುತ್ತೇನೆ.

"ನಂಗಿದು ಬರ್ತಿಲ್ಲ ಅತ್ತಿಗೆ" ಅನ್ನುತ್ತೇನೆ.

ಅವರು ಸ್ವಲ್ಪ ಸರಿದು, ನನಗೆ ಜಾಗ ಬಿಡುತ್ತಾರೆ.