ಕೊಡತಿಯ ಏಟಿಗೆ ಬಿಟ್ಟ ಜಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಗೋದಾಮಿನ ತಾರಸಿಯ ಮೇಲೆ ಅರವತ್ತು ದಾಟಿದ ರಿಪೇರಿಯವರೊಬ್ಬರು ಕುಕ್ಕರುಗಾಲಲ್ಲಿ ಕೂತು ಎರಡು ಟೇಪ್‌ರೆಕಾರ್ಡರ್‌ಗಳನ್ನು ಅಣಿ ಮಾಡುತ್ತಿದ್ದಾರೆ. ಒಂದು ಹಾಡಲಿಕ್ಕೆ, ಇನ್ನೊಂದು ಕೇಳಿಸಿಕೊಳ್ಳಲಿಕ್ಕೆ. ಎದುರಿಗೆ ಅವರ ಚಿಕ್ಕಮ್ಮ, ತಾಯಿಯ ತಂಗಿ, ಗಾರೆ ಬಡಿಯುವ ಮರದ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು ಬಲಭುಜ ತಿಕ್ಕಿಕೊಳ್ಳುತ್ತಿದ್ದಾರೆ. ಕೆಳಗೆ ಲಾರಿಗಳು ಬಂದು ಹಾರನ್ ಶುರುವಾಗುವುದರೊಳಗೆ ಕೆಲಸ ಮುಗಿಯಬೇಕು. ಇದನ್ನು ಬರೆದುಕೊಳ್ಳಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

ಈ ರಿಪೇರಿಯವರನ್ನು ಬೀದಿಯವರೆಲ್ಲ ಕರೆಯುವುದು ಟೇಪಣ್ಣ ಎಂದೇ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಹೊಟ್ಟೆಪಾಡು. ಅಂಗಡಿಯ ಹಿಂಭಾಗದಲ್ಲಿ ಮಾತ್ರ ಸೂರಿನವರೆಗೂ ಕ್ಯಾಸೆಟ್‌ಗಳು, ಎಲ್ಲವೂ ಗಾರೆ ಬಡಿಯುವವರ ಹಾಡು. ಕಾಂಕ್ರೀಟ್ ಬರುವ ಮುಂಚೆ ಸುಣ್ಣ, ಇಟ್ಟಿಗೆಚೂರು ಕಲಸಿ ಹಾಸಿದ ತಾರಸಿಯನ್ನು ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಎಲ್ಲರ ಏಟೂ ಒಟ್ಟಿಗೆ ಬೀಳಲೆಂದು ಹಾಡಿಕೊಳ್ಳುತ್ತಿದ್ದರು. ಕಾಂಕ್ರೀಟ್ ಬಂತು, ಕೆಲಸ ಹೋಯಿತು, ಹಾಡೂ ಅದರ ಹಿಂದೆಯೇ ಹೋಯಿತು. ಜೋಗುಳಕ್ಕೆ, ಮದುವೆಯ ಹಾಡಿಗೆ ಸಂಗ್ರಹಕಾರರು ಸಿಕ್ಕಿದ್ದಾರೆ. ಕೂಲಿ ಹೆಂಗಸರು ಬಿಸಿಲಲ್ಲಿ ಕೂತು ಹಾಡಿದ್ದನ್ನು ಯಾರೂ ಮೂಸಿ ನೋಡಿಲ್ಲ.

ಟೇಪಣ್ಣ ಇಪ್ಪತ್ತು ವರ್ಷದಿಂದ ವಾರದ ರಜೆಯನ್ನು ಇದಕ್ಕೇ ಮೀಸಲಿಟ್ಟಿದ್ದಾರೆ. ಯಾವ ಮನೆಯಲ್ಲಿ ಹಿಂದೆ ಗಾರೆ ಬಡಿದ ಅಜ್ಜಿ ಇದ್ದಾಳೆಂದು ಸುಳಿವು ಸಿಕ್ಕರೂ ಹೊರಡುತ್ತಾರೆ. ಕೈ ಸುಮ್ಮನಿದ್ದರೆ ಆ ಅಜ್ಜಿಯರ ಬಾಯಿಗೆ ಹಾಡು ಬರುವುದಿಲ್ಲ, ಹಾಗಾಗಿ ಚೀಲದಲ್ಲಿ ಒಂದು ಕೊಡತಿ ಸದಾ ಇರುತ್ತದೆ. ಅದರ ಹಿಡಿ ಹೊರಗೆ ಇಣುಕುವುದನ್ನು ನೋಡಿ ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಗಿರಾಕಿಗಳಿಗೆ ಅವರ ಹೆಂಡತಿ ಕೊಡುವ ಸಲಹೆ ಬೇರೆಯೇ ಇದೆ. "ಮಿಕ್ಸಿ ಬೇಗ ಬೇಕಂದ್ರೆ ಜೊತೆಗೊಬ್ಬ ಅಜ್ಜಿನ ಕರ್ಕೊಂಡು ಬನ್ನಿ" ಎನ್ನುತ್ತಾರೆ ಆಕೆ.

ಈ ಹುಚ್ಚು ಹಿಡಿದದ್ದು ತಾಯಿಯಿಂದ. ಸಾಲಿನಲ್ಲಿ ಮೊದಲು ದನಿ ಎತ್ತುತ್ತಿದ್ದವರು ಆಕೆ. ಮಗನನ್ನು ಅಲ್ಲೇ ಮೂಲೆಯಲ್ಲಿ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಮಗ ದೊಡ್ಡವನಾಗಿ, ಅಂಗಡಿ ಹಾಕಿ, ಮೊದಲು ಧ್ವನಿಮುದ್ರಿಸಿದ್ದು ಅಮ್ಮನ ಹಾಡುಗಳನ್ನೇ. ಎಡವಟ್ಟಾದದ್ದೂ ಅಲ್ಲೇ. ಧಬಧಬ ಸದ್ದಿನಲ್ಲಿ ಅಮ್ಮನ ದನಿ ಮುಚ್ಚಿಹೋಗಬಾರದೆಂದು ಕೊಡತಿಯ ಕೆಳಗೆ ದಪ್ಪ ಕಂಬಳಿ ಮಡಿಸಿ ಹಾಸಿದರು. ಅಮ್ಮ ಮಗನ ಮುಖ ನೋಡಿ ಒಮ್ಮೆ ನಕ್ಕರು, ಕಂಬಳಿಯ ಮೇಲೆಯೇ ಬಡಿಯುತ್ತ ಎಲ್ಲ ಹಾಡನ್ನೂ ಹಾಡಿದರು. ದನಿ ಸ್ಫಟಿಕದಷ್ಟು ಸ್ಪಷ್ಟವಾಗಿ ಬಂತು. ಮಗ ಹಿರಿಹಿರಿ ಹಿಗ್ಗಿದರು.

ಅಮ್ಮ ತೀರಿಕೊಂಡ ಮೇಲೆ ಅದನ್ನು ಚಿಕ್ಕಮ್ಮನಿಗೆ ಕೇಳಿಸಿದಾಗ ಆಕೆ ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಹಾಡೆಲ್ಲೋ ಮಗಾ? ಬರೀ ಸಿಪ್ಪೆ ಇದೆ" ಎಂದರು.

ಆಗ ಗುಟ್ಟು ಹೊರಬಿತ್ತು. ಆ ಹೆಂಗಸರು ಹಾಡಿನಲ್ಲಿ ಬೈಯುತ್ತಿದ್ದರು, ಆದರೆ ಬೈಸಿಕೊಳ್ಳುವವರ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಸರು ಬರುವ ಜಾಗವನ್ನು ಕೊಡತಿಗೆ ಬಿಡುತ್ತಿದ್ದರು. ಭಾರದ ಒಂದೇ ಏಟು ಅಂದರೆ ಮೇಸ್ತ್ರಿ. ಎರಡು ಏಟು ಮನೆಯ ಯಜಮಾನ. ಮೂರು ಅತ್ತೆ. ಮೇಸ್ತ್ರಿ ಪಕ್ಕದಲ್ಲೇ ನಿಂತು ತಲೆದೂಗುತ್ತಿದ್ದನಂತೆ. ಗಂಡಸರಿಗೆ ಹೇಳುವ ವಿಷಯವಲ್ಲವಾದ್ದರಿಂದ ಅಮ್ಮ ಮಗನಿಗೂ ಹೇಳಿರಲಿಲ್ಲ. ಟೇಪಣ್ಣ ಸದ್ದೆಂದು ತಿಳಿದು ಅಡಗಿಸಿದ್ದು ಹಾಡಿನ ಜೀವವನ್ನೇ.

ಆ ಖಾಲಿ ಜಾಗಗಳನ್ನು ತುಂಬಬಲ್ಲವರು ಈಗ ಉಳಿದಿರುವುದು ಚಿಕ್ಕಮ್ಮ ಒಬ್ಬರೇ. ಎಲ್ಲೆಲ್ಲಿ ಎಷ್ಟು ಏಟು ಅಂತ ಸುಮ್ಮನೆ ಹೇಳಿಬಿಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಆಕೆ ನನ್ನನ್ನು ಮರುಕದಿಂದ ನೋಡಿದರು. "ಅದು ಕೈಗೆ ಗೊತ್ತಪ್ಪ, ತಲೆಗೆ ಗೊತ್ತಿಲ್ಲ." ಆ ಕೈಯ ಭುಜವೇ ಈಗ ಸವೆದಿದೆ. ಕೊಡತಿ ಮುಟ್ಟಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಒಂದೊಂದೇ ಹಾಡು ಮುಗಿಸುತ್ತ ಬಂದು ಕೊನೆಯದೊಂದು ಬಾಕಿ ಇದೆ. ಕಳೆದ ವಾರ ಅದರ ನಡುವೆಯೇ ಕೈ ಸೋತು ನಿಂತುಹೋಯಿತು. ಇವತ್ತು ಆಗದಿದ್ದರೆ ಇನ್ನು ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಟೇಪಣ್ಣ ಗುಂಡಿ ಒತ್ತುತ್ತಾರೆ. ಸತ್ತ ಅಕ್ಕನ ದನಿ ತಾರಸಿಯ ಮೇಲೆ ಏಳುತ್ತದೆ, "ನೆರಳಲ್ಲಿ ಕೂತು ಬಿಸಿಲ ಬೈದವನೇ" ಎಂದು ನಿಲ್ಲುತ್ತದೆ. ತಂಗಿಯ ಕೊಡತಿ ಧಬ್ ಎಂದು ಬೀಳುತ್ತದೆ. ಅಕ್ಕತಂಗಿಯರೇ ಒಂದು ಕಾಲದಲ್ಲಿ ಬಡಿದು ಗಟ್ಟಿ ಮಾಡಿದ ತಾರಸಿ ಇದು. ನುಡಿಯಿಂದ ನುಡಿಗೆ ಏಟು ಹಗುರಾಗುತ್ತ ಹೋಗುತ್ತದೆ. ಚಿಕ್ಕಮ್ಮ ಎಡಗೈಯನ್ನೂ ಹಿಡಿಗೆ ಕೊಟ್ಟು, ಹಲ್ಲು ಕಚ್ಚಿ ಬಡಿಯುತ್ತಾರೆ. ಸಾಕು ಎನ್ನಲು ಟೇಪಣ್ಣ ಬಾಯಿ ತೆರೆದರೆ ಕಣ್ಣಲ್ಲೇ ಗದರುತ್ತಾರೆ.

ಕೊನೆಯ ಸಾಲು ಬರುತ್ತದೆ. "ಹೊಟ್ಟೆ ತುಂಬಿದರೂ ಬಾಯಿ ಮುಚ್ಚದವನೇ." ಇದೂ ಮೇಸ್ತ್ರಿಗೇ ಎಂದು ಟೇಪಣ್ಣ ನಂಬಿಕೊಂಡು ಬಂದಿದ್ದರು. ಆದರೆ ಒಂದು ಭಾರದ ಏಟು ಬೀಳುವುದಿಲ್ಲ. ಚಿಕ್ಕಮ್ಮ ಕೊಡತಿಯ ಅಂಚಿನಿಂದ ಸಣ್ಣಗೆ ನಾಲ್ಕು ಸಲ ತಟ್ಟಿ, ಅದನ್ನು ಕೆಳಗಿಡುತ್ತಾರೆ.

ನಾಲ್ಕು ಅಂದರೆ ಯಾರು ಎಂದು ಟೇಪಣ್ಣ ಕೇಳುತ್ತಾರೆ.

"ಇನ್ಯಾರು, ನೀನೇ. ಜೋಲೀಲಿ ಮಲಗಿ ಇಡೀ ದಿನ ಅರಚ್ತಿದ್ದೆ. ನಿನಗೂ ಒಂದು ಸಾಲು ಇರಲಿ ಅಂತ ಅಕ್ಕನೇ ಕಟ್ಟಿದ್ಳು" ಎಂದು ಚಿಕ್ಕಮ್ಮ ಭುಜ ಒತ್ತಿಕೊಳ್ಳುತ್ತ ನಗುತ್ತಾರೆ.

ಟೇಪಣ್ಣ ತಲೆ ತಗ್ಗಿಸಿ ತಂತಿ ಸುತ್ತತೊಡಗುತ್ತಾರೆ. ಕಣ್ಣು ಒದ್ದೆಯಾಗಿರುವುದನ್ನು ಮುಚ್ಚಿಡಲು ಹೋಗುವುದಿಲ್ಲ. ಕೆಳಗೆ ಮೊದಲ ಲಾರಿ ಹಾರನ್ ಹೊಡೆಯುತ್ತದೆ. ಹಾಡೆಲ್ಲ ಪೂರ್ತಿಯಾಯಿತಲ್ಲ, ಮುಂದೇನು ಎಂದು ಕೇಳಿದೆ. ಅವರು ಕೊಡತಿಯನ್ನು ಚೀಲಕ್ಕೆ ಇಳಿಸುತ್ತ ಹೇಳಿದರು:

"ಮೇಸ್ತ್ರಿ ಹೋದ, ಯಜಮಾನನೂ ಹೋದ. ಆ ಹಾಡಲ್ಲಿ ಬೈಸ್ಕೊಂಡವರಲ್ಲಿ ಇನ್ನೂ ಉಳಿದಿರೋನು ನಾನೊಬ್ಬನೇ. ಅಷ್ಟು ಸಾಕು ಬಿಡಿ."