ಸೆಪಾ ಚಿಕ್ಕಮ್ಮ ಒಯ್ದ ಬಿಳಿ ಪುಡಿ

ಲಗೂನಾ ಸರೋವರದ ದಂಡೆಯ ಆ ಪುಟ್ಟ ಕಾಲೇಜಿನಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆಂದರೆ ರಸಾಯನಶಾಸ್ತ್ರದ ಡಾಕ್ಟರ್ ಪುರಿಂಗ್ ಮಲಬಾನನ್‌ಗೆ ಅದು ಹೇಗೋ ವಾಸನೆ ಬಡಿಯುತ್ತಿತ್ತು. ಮದುವೆಗೆ ಹೊರಟವರಿರಲಿ, ಯಾತ್ರೆಗೆ ಹೊರಟ ಸನ್ಯಾಸಿನಿಯಿರಲಿ, ಅವಳು ಬಿಡುತ್ತಿರಲಿಲ್ಲ. "ಒಂದು ಪದಾಲಾ ಇದೆ, ಬೆರಳುದ್ದ ಅಷ್ಟೆ" ಎಂದು ಪುಡಿ ತುಂಬಿದ ಗಾಜಿನ ಶೀಶೆಯನ್ನು ಕೈಗೆ ತುರುಕಿಬಿಡುತ್ತಿದ್ದಳು. ಪರದೇಶಕ್ಕೆ ಹೋಗುವವರು ಊರವರು ತಲುಪಿಸಲು ಕೊಟ್ಟ ಪದಾಲಾ ಗಂಟು ಒಯ್ಯುವುದಿಲ್ಲ ಎನ್ನುವುದುಂಟೇ? ಹಾಗೆಂದವರಿಗೆ ಊರು ಉಗಿಯುತ್ತದೆ.

ಅವಳಿಗಾದರೂ ಬೇರೆ ದಾರಿ ಎಲ್ಲಿತ್ತು? ಕಬ್ಬಿಣದ ಕಣವನ್ನು ನಡುವೆ ಕೂರಿಸಿ, ಸುತ್ತ ಸಾರಜನಕವಿರುವ ಅಣುಗಳನ್ನು ಕಾವಲು ನಿಲ್ಲಿಸಿ, ಅದು ಯಾವಾಗ ಅಯಸ್ಕಾಂತಕ್ಕೆ ಒಲಿಯುತ್ತದೆ, ಯಾವಾಗ ಮುನಿಯುತ್ತದೆ ಎಂದು ನೋಡುವುದರಲ್ಲೇ ಅವಳ ಆಯಸ್ಸು ಸವೆದಿತ್ತು. ಪುಡಿ ತಯಾರಾಗುವುದು ಇಲ್ಲಿ, ಅಳೆಯುವ ಯಂತ್ರ ಜಪಾನಿನ ಸಪ್ಪೊರೊದಲ್ಲಿ. "ಗಂಡನ್ನ ಹುಡುಕ್ಕೊಳ್ಳೇ ಅಂದ್ರೆ ಕಬ್ಬಿಣಕ್ಕೆ ಸಂಬಂಧ ಹುಡುಕ್ತಾಳೆ" ಎಂದು ಅವಳ ತಾಯಿ ಕಡೆಯವರೆಗೂ ಗೊಣಗಿದ್ದಳು.

ಈ ಸಲ ಮಾತ್ರ ಕುತ್ತಿಗೆಗೇ ಬಂದಿತ್ತು. ಅಳತೆ ಬರದಿದ್ದರೆ ಅವಳ ಪ್ರಯೋಗಶಾಲೆಗೆ ಬೀಗ ಜಡಿಯುವುದಾಗಿ ಡೀನ್ ವಿಯಾರುಸ್ ಹೇಳಿಬಿಟ್ಟಿದ್ದ. ಅಷ್ಟರಲ್ಲಿ ಸೆಪಾ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಸಪ್ಪೊರೊಗೆ ಹೊರಟಳು. ಪುರಿಂಗ್ ತನ್ನ ಅತ್ಯುತ್ತಮ ಪುಡಿಯನ್ನು ಅವಳ ಕೈಗಿಟ್ಟಳು.

ಜಪಾನಿನ ಪ್ರೊಫೆಸರು ಉತ್ತರ ಕಳಿಸಿದರು: ಪುಡಿಯಲ್ಲಿ ಬಿಸಿಯಲ್ಲೂ ಚಳಿಯಲ್ಲೂ ಅಯಸ್ಕಾಂತದ ಗುಣ ಕಾಣಲಿಲ್ಲ, ಪರಿಮಳ ಮಾತ್ರ ಬಹಳ ಚೆನ್ನಾಗಿದೆ.

ಪರಿಮಳ! ಪುರಿಂಗ್ ತನ್ನ ಜನ್ಮದಲ್ಲಿ ಘಮಘಮಿಸುವ ಯಾವುದನ್ನೂ ತಯಾರಿಸಿದವಳಲ್ಲ. ಆಗಷ್ಟೇ ಊರಿಗೆ ಮರಳಿದ್ದ ಚಿಕ್ಕಮ್ಮನ ಮನೆಗೆ ಓಡಿದಳು.

"ಬಯ್ಯಬೇಡ ಕಣೇ," ಎಂದಳು ಚಿಕ್ಕಮ್ಮ. "ಅಲ್ಲಿ ಇಳಿದ್ರೆ ಬರೀ ಹಿಮ. ಚೀಲ ತೆಗೆದ್ರೆ ನಿನ್ನ ಬಿಳಿ ಪುಡಿ ನೇರಳೆ! ಮಗಳಿಗೆ ಅಂತ ಊಬೆ ಗೆಣಸಿನ ಹಿಟ್ಟೂ ಅದ್ರಲ್ಲೇ ಇಟ್ಟಿದ್ದೆ. ಅದೂ ನೇರಳೇನೇ ಅಲ್ವಾ? ಸೋರಿ ಬೆರೆತೋಯ್ತು ಅಂತ ನನ್ನೆದೆ ಧಸಕ್ ಅಂತು. ಆ ಮೇಷ್ಟ್ರ ಮುಂದೆ ನಿನ್ನ ಮಾನ ಹೋಗಬಾರ್ದಲ್ಲ..."

"ಅದಕ್ಕೆ?"

"ಮಗೂಗೆ ಹಚ್ಚೋ ಪೌಡರ್ ತುಂಬಿಸ್ಕೊಟ್ಟೆ. ಅದೂ ಬಿಳೀದೇ!"

ಪುರಿಂಗ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಳಿಗೆ ಬಣ್ಣ ತಿರುಗುತ್ತದೆಂದು ಹೇಳಲು ಅವಳೇ ಮರೆತಿದ್ದಳು. "ನನ್ನ ಪುಡಿ ಏನ್ಮಾಡ್ದೆ? ಚೆಲ್ಲಿದ್ಯಾ?"

"ಬೇರೆಯವರ ಪದಾಲಾ ಚೆಲ್ಲೋವಷ್ಟು ಪಾಪೀನಾ ನಾನು?" ಚಿಕ್ಕಮ್ಮ ಕಾಲುಚೀಲದೊಳಗಿಂದ ಇನ್ನೊಂದು ಶೀಶೆ ತೆಗೆದಳು. ಪುಡಿ ಸುಣ್ಣದಂತೆ ಬೆಳ್ಳಗಿತ್ತು. ಅವಳು ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ ಮಾತೆ ಮರಿಯಾ! ಅಲ್ಲಿ ನೇರಳೆ ಇತ್ತು ಕಣೇ, ನನ್ನಾಣೆ! ನನ್ನ ಸುಳ್ಳಿ ಮಾಡೋಕೆ ಹೀಗಾಡ್ತಿದೆ!"

"ಇದನ್ನೇ ಡೀನ್ ಮುಂದೆ ಹೇಳು, ನಡಿ."

ಡೀನ್‌ಗೆ ತನ್ನ ಎ.ಸಿ.ಯೆಂದರೆ ಪ್ರಾಣ. ಅವನ ಕೋಣೆಗೆ ಹೋಗುವವರು ಸ್ವೆಟರ್ ಎರವಲು ತರುತ್ತಿದ್ದರು. ಮೇಜಿನ ಮೇಲೆ ಹೊಸ ಬೀಗ ಆಗಲೇ ಬಂದು ಕೂತಿತ್ತು. ಪುರಿಂಗ್ ಶೀಶೆಯನ್ನು ತಣ್ಣನೆ ಗಾಳಿ ಬೀಸುವ ಕಡೆಗೇ ಇಟ್ಟಳು.

"ಪೌಡರ್ ಕಥೆ ಎಲ್ಲಾ ಬೇಡ ಮೇಡಂ," ಡೀನ್ ಶುರುಮಾಡಿದ. "ಶಿಸ್ತು ಅಂತ ಒಂದಿರುತ್ತೆ..." ಶಿಸ್ತಿನ ಭಾಷಣ ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಕಿಟಾರನೆ ಕಿರುಚಿದಳು. "ನೋಡಿ, ನೋಡಿ! ಮತ್ತೆ ಶುರು ಹಚ್ಕೊಳ್ತು!"

ಪುಡಿ ನೇರಳೆಯಾಗಿತ್ತು.

"ಬಿಳಿ ಇದ್ದಾಗ ಅಯಸ್ಕಾಂತ ಎಳೆಯುತ್ತೆ ಸರ್," ಎಂದಳು ಪುರಿಂಗ್. "ನಿಮ್ಮ ರೂಮಿನ ಚಳಿಗೆ ಪಾಪ, ಇದ್ದ ಗುಣವೂ ಹೋಯ್ತು."

ಡೀನ್ ಶೀಶೆಯನ್ನು ಅಂಗೈಯಲ್ಲಿ ಬಿಸಿ ಮಾಡಿದ. ಬಿಳಿ. ಗಾಳಿಗೆ ಹಿಡಿದ. ನೇರಳೆ. ಬುಗುರಿ ಸಿಕ್ಕ ಹುಡುಗನಂತೆ ಆಡಿಸುತ್ತಲೇ ಇದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಬಣ್ಣ ಸರಿ, ಅಳತೆ ಎಲ್ಲಿ?" ಎಂದ.

"ಬುಧವಾರ ತಾವು ಸಪ್ಪೊರೊ ಸಮ್ಮೇಳನಕ್ಕೆ ಹೊರಟಿದೀರಂತೆ ಸರ್..."

ಡೀನ್‌ನ ಮುಖ ಬಾಡಿತು. ಅಷ್ಟರಲ್ಲೇ ಚಿಕ್ಕಮ್ಮ ಶೀಶೆಯನ್ನು ಅವನ ಜೇಬಿಗೆ ಇಳಿಸಿಯಾಗಿತ್ತು. "ಬೆರಳುದ್ದ ಅಷ್ಟೆ ಸ್ವಾಮಿ. ಬೇಡ ಅಂದ್ರೆ ಊರು ಏನಂದೀತು? ಹೇಗೂ ಹೋಗ್ತಿದೀರಿ, ನನ್ನ ಮಗಳಿಗೆ ಒಂದಿಷ್ಟು ಊಬೆ ಹಿಟ್ಟೂ ತಗೊಂಡೋಗಿ. ಬೇರೆ ಚೀಲದಲ್ಲಿ ಇಡಿ, ಮತ್ತೆ!"

ಸಪ್ಪೊರೊದಿಂದ ಡೀನ್‌ನ ಸಂದೇಶ ಬಂತು: "ನೇರಳೆ ಆಗಿದೆ. ನಾನು ಮುಟ್ಟಿಲ್ಲ, ದೇವರಾಣೆ." ಅದರ ಹಿಂದೆಯೇ ಅಳತೆಯೂ ಬಂತು. ಬಿಸಿಯಲ್ಲಿ ಅಯಸ್ಕಾಂತದ ಗುಣ ಪೂರಾ, ಚಳಿಯಲ್ಲಿ ಸೊನ್ನೆ, ಪರಿಮಳವೂ ಇಲ್ಲ. ಪುರಿಂಗ್ ಪ್ರಯೋಗಶಾಲೆಯ ಬಾಗಿಲು ತೆರೆದು, ಸ್ಟೂಲಿನ ಮೇಲೆ ಕುಳಿತು, ಮನಸಾರೆ ಅತ್ತಳು.

ಬೀಗವನ್ನು ಚಿಕ್ಕಮ್ಮ ತನ್ನ ಕೋಳಿಗೂಡಿಗೆಂದು ಕೇಳಿ ಒಯ್ದಳು.